ಲಂಕೆ ಸುತ್ತಿ ಗುತ್ತೂರಿಗೆ

ಮರಿಯವ್ವ ವಿಮಾನ ಹತ್ತಿ ಶ್ರೀಲಂಕಾಕ್ಕೆ ಸೇವೆಗೆ ಹೋಗಿ ಬಂದಳು ಅಂದರೆ ಹರಿಹರದ ಚರ್ಚಿನ ಸಭೆಯವರಿಗೆ ಅದೇನು ಸಣ್ಣ ಸುದ್ದಿಯೇ? ದಾವಣಗೆರೆಯ ಹಾಸ್ಟೆಲೊಂದರಲ್ಲಿ ಹುಡುಗಿಯರಿಗೆ ರೊಟ್ಟಿ ಬಡಿಯುತ್ತ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತ ತಲೆ ನರೆತ ಹೆಂಗಸು ಅವಳು. ಟೀ ತೋಟದ ಕೂಲಿಯವರ ಸೇವೆಗೆ ಹೊರಟ ತಂಡಕ್ಕೆ ಅಡುಗೆಯವರು ಬೇಕು ಅಂದಾಗ ಎಲ್ಲರಿಗಿಂತ ಮೊದಲು ಕೈ ಎತ್ತಿದ್ದಳು. ತಿರುಗಿ ಬಂದ ಮೇಲಿನ ಮೊದಲ ಭಾನುವಾರ ಅವಳ ಸಾಕ್ಷಿ, ಅಂದರೆ ಅನುಭವದ ಮಾತು, ಕೇಳಲು ಇಡೀ ಸಭೆ ಕಿವಿ ನಿಮಿರಿಸಿ ಕೂತಿತ್ತು.

"ಹೇಳ್ರಿ ಮರಿಯವ್ವ, ಈ ಸೇವೆಯಿಂದ ನಿಮಗೇನು ಸಿಕ್ತು?" ಅಂತ ಪಾಸ್ಟರ್ ಮೈಕು ಕೊಟ್ಟರು.

ಏನು ಹೇಳಬೇಕೆಂದು ಮಗ ಹರೀಶ ಮನೆಯಲ್ಲೇ ಪಾಠ ಮಾಡಿಸಿದ್ದ. ಎಷ್ಟು ಜನಕ್ಕೆ ಬಡಿಸಿದೆ, ಎಷ್ಟು ಜನ ಕಣ್ಣೀರು ಹಾಕಿದರು, ಅಷ್ಟು ಹೇಳಿದರೆ ಸಾಕಂತೆ. ಆದರೆ ಮೈಕು ಹಿಡಿದ ಮರಿಯವ್ವನ ಬಾಯಿಗೆ ಬಂದದ್ದು ಬೇರೆಯೇ ಮಾತು. ಅದು ಮಗಳು ಸುಮಾಳ ವಿಷಯ.

ಸುಮಾ ಚೌಡೇಶನೆಂಬ ಹಿಂದೂ ಹುಡುಗನನ್ನು ಮೆಚ್ಚಿ ಮದುವೆಯಾಗಿ ಪಕ್ಕದ ಗುತ್ತೂರಿನಲ್ಲೇ ಇದ್ದಾಳೆ. "ನನ್ನ ಪಾಲಿಗೆ ನೀನು ಸತ್ತಿ" ಅಂತ ಮರಿಯವ್ವ ಅಂದೇ ಬಾಗಿಲು ಹಾಕಿಕೊಂಡಿದ್ದಳು. ಮಗಳ ಚೊಚ್ಚಲ ಬಾಣಂತನಕ್ಕೂ ಹೋಗಲಿಲ್ಲ ಪುಣ್ಯಾತ್ಗಿತ್ತಿ! ಬಾಯಿ ಜೋರು, ಹಟ ಅದಕ್ಕಿಂತ ಜೋರು.

ಲಂಕೆಯಲ್ಲಿ ಆದದ್ದೇ ಬೇರೆ. ಬೆಟ್ಟದ ಚಳಿಗೆ ಮರಿಯವ್ವನಿಗೆ ಜ್ವರ ಬಂದು, ಒಲೆ ಹಚ್ಚುವ ಮೊದಲೇ ಹಾಸಿಗೆ ಹಿಡಿದಳು. ಸೇವೆ ಮಾಡಲು ಹೋದವಳು ಸೇವೆ ಮಾಡಿಸಿಕೊಂಡಳು, ನೋಡಿ ತಮಾಷೆ! ಅವಳನ್ನು ನೋಡಿಕೊಂಡವಳು ಟೀ ಸೊಪ್ಪು ಕೀಳುವ ತಮಿಳು ಹೆಂಗಸು ರಾಕಾಯಿ. ಅವಳ ಹಣೆ ತುಂಬ ವಿಭೂತಿ, ಮಗಳು ಮಾತ್ರ ಚರ್ಚಿಗೆ ಹೋಗುವವಳು. ತಾಯಿ ಮಗಳು ಜಗಳ ಆಡುತ್ತಲೇ ಒಬ್ಬರ ತಲೆ ಒಬ್ಬರು ಬಾಚುತ್ತಿದ್ದರು. ಜ್ವರ ಇಳಿದ ದಿನ ರಾಕಾಯಿ ಮರಿಯವ್ವನ ಮೈಗೆ ಎಣ್ಣೆ ತಿಕ್ಕಿ, ಬಾಣಂತಿಗೆ ಎರೆದ ಹಾಗೆ ಬಿಸಿನೀರು ಎರೆದಳು. ಬೆನ್ನು ಉಜ್ಜುತ್ತ, ಅರ್ಧ ಮಾತು ಅರ್ಧ ಕೈಸನ್ನೆಯಲ್ಲಿ, ನಿನಗೆ ಹೆಣ್ಣುಮಕ್ಕಳಿಲ್ಲವೇ ಅಂತ ಕೇಳಿದಳು. ಮರಿಯವ್ವ ಇಲ್ಲವೆಂದು ತಲೆಯಾಡಿಸಿದಳು.

"ಅಯ್ಯೋ ಪಾಪ" ಅಂತ ರಾಕಾಯಿ ಅವಳ ಕೆನ್ನೆ ಸವರಿದಳು. ಆ ಕನಿಕರ ಮರಿಯವ್ವನನ್ನು ಬೆಂಕಿಯ ಹಾಗೆ ಸುಟ್ಟಿತು. ಗುರುತಿಲ್ಲದ ಹೆಂಗಸು ನನಗೆ ನೀರು ಎರೆಯುತ್ತಿದ್ದಾಳೆ, ನನ್ನ ಮಗಳು ಹೆತ್ತ ಹಸಿಮೈಯಲ್ಲಿ ಕೂತಾಗ ಅವಳಿಗೆ ಎರೆದವರು ಯಾರು? ಮರಿಯವ್ವ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಈಗ ಅವಳು ಮೈಕನ್ನು ಬಾಯಿಗೆ ಹಿಡಿದಳು. "ಪಾಸ್ಟರೇ, ನನ್ಗೆ ಸಿಕ್ಕಿದ್ದನ್ನ ಮೊದ್ಲು ಗುತ್ತೂರಿನಾಗೆ ಹೇಳ್ಬೇಕು. ನಿಮ್ಗೆ ಆಮ್ಯಾಲೆ ಹೇಳ್ತೀನಿ. ಹೊಂಟೆ."

ಸಭೆಯಲ್ಲಿ ಗುಸುಗುಸು ಎದ್ದಿತು. ಹರೀಶ ಬಾಗಿಲ ತನಕ ಓಡಿ ಬಂದ. "ಅವ್ವಾ, ಆರಾಧನೆ ಮುಗೀಲಿ. ನಾಲ್ಕು ಜನ ಏನಂತಾರೆ?"

"ನಾಲ್ಕು ಜನ ಏನಂತಾರೋ ಅಂತ್ಲೇ ಮಗಳ್ನ ಕಳ್ಕೊಂಡೀನಿ. ದಾರಿ ಬಿಡು!" ಅಂದವಳೇ ಆಟೋ ಹತ್ತಿದಳು.

ಗುತ್ತೂರಿನ ಮನೆಯ ಕಟ್ಟೆಯ ಮೇಲೆ ಸುಮಾಳ ಅತ್ತೆ ತಿಮ್ಮವ್ವ ಅವರೆಕಾಯಿ ಬಿಡಿಸುತ್ತಿದ್ದಳು. ಬೀಗತಿಯನ್ನು ಕಂಡೊಡನೆ ಮೊರ ಕೆಳಗಿಟ್ಟು ಎದ್ದಳು. "ಬರ್ರಿ ಬೀಗರೇ, ಒಳಗೆ ಬರ್ರಿ."

ಅಷ್ಟರಲ್ಲಿ ಸುಮಾ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಹೊಸ್ತಿಲಿಗೆ ಬಂದಳು. ತಾಯಿಯನ್ನು ಮೇಲಿಂದ ಕೆಳಗೆ ನೋಡಿದಳು.

"ಲಂಕೆಗೆ ಹೋಗಿದ್ಯಂತೆ. ಅಲ್ಲಿಗೆ ಹೋಗಾಕೆ ಪಾಸ್‌ಪೋರ್ಟ್ ಬೇಕಾತು. ಗುತ್ತೂರಿಗೆ ಬರಾಕೆ ಏನ್ ಬೇಕಾಗಿತ್ತವ್ವಾ?"

ಯಾರಿಗೂ ಮಾತು ಬಾಕಿ ಉಳಿಸದ ಮರಿಯವ್ವ ಅಲ್ಲಿ ತಡವರಿಸಿದಳು. "ತಪ್ಪಾತು ಮಗಳೇ. ನಿನ್ನ ಬಾಣಂತನಕ್ಕೆ ಬರ್ಲಿಲ್ಲ. ದೇವ್ರ ಹೆಸ್ರು ಹೇಳಿ ಹಟ ಮಾಡ್ದೆ. ದೇವ್ರೇನು ಹೇಳಿರ್ಲಿಲ್ಲ, ನನ್ನ ಸೊಕ್ಕು ಹೇಳಿತ್ತು."

ಸುಮಾಳ ಕಣ್ಣು ತುಂಬಿದವು. ಆದರೂ ಅವಳು ಮರಿಯವ್ವನ ಮಗಳೇ ತಾನೇ! ತುಟಿ ಬಿಗಿದುಕೊಂಡು ಒಳಗೆ ಹೋಗಿಬಿಟ್ಟಳು. ತಿಮ್ಮವ್ವ ಬೀಗತಿಯ ಕೈ ಹಿಡಿದು ಎಳೆದಳು.

"ಬ್ಯಾಡ್ರಿ. ಆಕಿನೇ ಕರೀಬೇಕು. ಇವತ್ತು ಕರೀದಿದ್ರೆ ನಾಳೆ ಬರ್ತೀನಿ, ನಾಳೆ ಕರೀದಿದ್ರೆ ನಾಡಿದ್ದು ಬರ್ತೀನಿ." ಮರಿಯವ್ವ ಕಟ್ಟೆಯ ತುದಿಯಲ್ಲಿ ಗಟ್ಟಿಯಾಗಿ ಕೂತಳು. ಮೊರ ಹತ್ತಿರಕ್ಕೆ ಎಳೆದುಕೊಂಡು ತಾನೂ ಅವರೆಕಾಯಿ ಬಿಡಿಸತೊಡಗಿದಳು.

ಕಾಯಿ ಮುಗಿದವು. ಬಿಸಿಲು ಕಟ್ಟೆಯ ಮೇಲೆ ಬಂತು. ಒಳಗಿನಿಂದ ಒಗ್ಗರಣೆ ಚುರ್ ಅಂದದ್ದು ಕೇಳಿಸಿತು. ಆಮೇಲೆ ಸುಮಾ ಹೊರಗೆ ಬಂದು ಮಗುವನ್ನು ತಾಯಿಯ ಮಡಿಲಿಗೆ ಹಾಕಿದಳು.

"ನಿನ್ನ ಬೈಯೋದು ಬಾಳ ಐತೆ. ಉಂಡ ಮ್ಯಾಲೆ ಶುರು ಮಾಡ್ತೀನಿ. ಒಳಗೆ ಬಾ."

ಮರಿಯವ್ವ ಮಗುವನ್ನು ಎದೆಗೆ ಅವಚಿಕೊಂಡು ಎದ್ದಳು. "ಬೈಯವ್ವಾ, ಹೊತ್ತು ಮುಳುಗೋತನ ಬೈ. ನಾನೇನ್ ಎದ್ದು ಹೋಗಲ್ಲ."