ಮುಟ್ಟೂದಿಲ್ಲ ಎಂದವರು

ಜರ್ಮನಿ ಯುದ್ಧ ಮುಗಿದು ಮೂರು ವರ್ಷವಾದರೂ ಹೊಸಪೇಟೆ ಸಂತೆಯಲ್ಲಿ ಬೆಲೆ ಇಳಿದಿರಲಿಲ್ಲ. ಜೋಳ, ಸೀಮೆಎಣ್ಣೆ, ಸೀರೆ, ಮೇಲೇರಿದ್ದು ಮೇಲೆಯೇ ಕುಳಿತಿತ್ತು. ಅದರ ಮೇಲೆ ಸಂತೆಯ ಸುಂಕ. ತಾಲೂಕು ಬೋರ್ಡಿನ ಮೆಂಬರು ಕೊಟ್ರಬಸಪ್ಪ ಸುಂಕದ ಗುತ್ತಿಗೆದಾರನ ಮನೆಯಲ್ಲಿ ಹೋಳಿಗೆ ಉಂಡಾಗಲೆಲ್ಲ ಅದು ಏರುತ್ತದೆಂದು ಕಂಪ್ಲಿಯ ತನಕ ಎಲ್ಲರಿಗೂ ಗೊತ್ತಿತ್ತು.

ಅವನೆದುರು ಚುನಾವಣೆಗೆ ನಿಂತವರು ವಕೀಲ ಪ್ರಭಂಜನಾಚಾರ್ಯರು. ಸುಂಕ ಇಳಿಸುತ್ತೇನೆ, ಸುಳ್ಳಾಡುವುದಿಲ್ಲ, ಯಾರ ಮನೆಯ ಹನಿ ನೀರನ್ನೂ ಮುಟ್ಟುವುದಿಲ್ಲ ಎಂದು ಹಂಪಿಯ ಪ್ರಾಣದೇವರ ಮುಂದೆ ಆಣೆ ಮಾಡಿದ್ದರು.

ಓಟು ಕೇಳಲು ಬಂಡಿಯಲ್ಲಿ ಮೆಟ್ರಿ ಹಳ್ಳಿಗೆ ಬಂದಾಗ ಮಧ್ಯಾಹ್ನದ ಬಿಸಿಲು. ಊರಿನ ಓಟುಗಳೆಲ್ಲ ರೈತ ಉಚ್ಚೆಂಗಪ್ಪನ ಮಾತಿನ ಮೇಲಿದ್ದವು. ಅವು ಬಾರದಿದ್ದರೆ ಸೋಲು ಖಚಿತ. ಕಟ್ಟೆಯ ಮೇಲೆ ಕುಳಿತು ಆಚಾರ್ಯರು ಸುಂಕದ ಅನ್ಯಾಯವನ್ನು ಬಿಡಿಸಿ ಹೇಳಿದರು. ಜನ ತಲೆದೂಗಿದರು. ಉಚ್ಚೆಂಗಪ್ಪನ ತಾಯಿ ಭರಮಮ್ಮ ಒಂದು ಚೊಂಬು ನೀರು, ಅಂಗೈಯಗಲ ಬೆಲ್ಲ ತಂದಿಟ್ಟಳು.

"ಬ್ಯಾಡ್ರಿ, ನಾ ಮುಟ್ಟೂದಿಲ್ಲ," ಎಂದರು ಆಚಾರ್ಯರು.

ಉಚ್ಚೆಂಗಪ್ಪ ಹೆಗಲ ಮೇಲಿನ ಟವೆಲ್ಲು ಕೊಡವಿದ.

"ತಿಳೀತು ಬಿಡ್ರಿ. ನಮ್ಮ ನೀರು ಮುಟ್ಟಿದ್ರ ಮೈಲಿಗಿ. ನಮ್ಮ ಓಟಿಗೆ ಮೈಲಿಗಿ ಇಲ್ಲೇನ್ರಿ?"

"ಅಯ್ಯೋ, ಹಂಗಲ್ಲಪ್ಪಾ! ಮಡಿ ಮಾತಲ್ಲ ಇದು. ಲಂಚದ ಮಾತು. ಇವತ್ತು ನೀರು, ನಾಳೆ ಹಾಲು, ನಾಡಿದ್ದು ಹೋಳಿಗಿ..."

"ಅಂದ್ರ ನಮ್ಮವ್ವನ ನೀರು ಲಂಚ ಏನ್ರಿ?"

ಯಾರೋ ಕಿಸಕ್ಕೆಂದರು. ಕೋರ್ಟಿನಲ್ಲಿ ಗಂಟೆಗಟ್ಟಲೆ ವಾದಿಸುವ ಆಚಾರ್ಯರ ನಾಲಿಗೆ ಇಲ್ಲಿ ಒಂದು ಚೊಂಬಿನ ಮುಂದೆ ಎಡವುತ್ತಿತ್ತು. ಆಣೆಯ ಕಥೆಯನ್ನು ಮೊದಲಿಂದ ಹೇಳಿದರು. ಹೇಳಿದಷ್ಟೂ ಅದು ಕೆಟ್ಟಿತು.

ಭರಮಮ್ಮ ಕೈಯೆತ್ತಿ ಮಗನನ್ನು ತಡೆದಳು. "ಆಣಿ ಮಾಡೀರಿ, ಒಪ್ಪಿದೆ. ಒಂದ ಮಾತು ಕೇಳ್ತೀನ್ರಿ ಸ್ವಾಮ್ಯಾರ. ಆ ಆಣಿ ಇಲ್ಲದಿದ್ರ ಈ ನೀರು ಕುಡೀತಿದ್ರೇನು?"

ಹೂಂ ಎಂದರೆ ಸಾಕಿತ್ತು. ಒಂದೇ ಅಕ್ಷರ. ಆಚಾರ್ಯರ ಕಣ್ಣಿಗೆ ಮನೆಯ ಮಡಿನೀರಿನ ಕೊಡ, ತಾಯಿ ಸರಸ್ವತೀಬಾಯಿಯ ಬಿಗಿದ ಮುಖ ಕಂಡವು. ಸುಳ್ಳಾಡುವುದಿಲ್ಲ ಎಂದೂ ಆಣೆಯಿತ್ತಲ್ಲ.

"ಇಲ್ಲವ್ವಾ," ಎಂದರು. "ಕುಡೀತಿರಲಿಲ್ಲ."

"ಖರೆ ಹೇಳಿದ್ರಿ. ಭೇಷ್," ಎಂದಳು ಮುದುಕಿ. ಸಿಟ್ಟಿರಲಿಲ್ಲ. "ಕೊಟ್ರಬಸಪ್ಪ ತಿಂತಾನ. ಆದ್ರ ನಮ್ಮ ಮನ್ಯಾಗೂ ತಿಂತಾನ್ರಿ."

"ಅವ ಗೆದ್ರ ಸುಂಕ ಇನ್ನೂ ಏರ್ತದ, ತಾಯಿ! ನಿಮ್ಮ ಜೋಳದ ಮ್ಯಾಲೇ ಏರ್ತದ!"

"ಏರ್ತೈತಿ," ಎಂದ ಉಚ್ಚೆಂಗಪ್ಪ, "ಗೊತ್ತೈತ್ರಿ."

ಆಚಾರ್ಯರು ಎದ್ದು ಬಂಡಿ ಹತ್ತಿದರು. ಬಂಡಿ ಹೊಡೆಯುವ ತಾಯಪ್ಪ ಮಾತ್ರ ಚೊಂಬೆತ್ತಿ ಗಟಗಟ ಕುಡಿದು, ಬೆಲ್ಲವನ್ನು ದವಡೆಗೆ ಒತ್ತಿಕೊಂಡು ಬಂದು ಹಗ್ಗ ಹಿಡಿದ.

"ನೀರು ಭಾಳ ತಂಪಿದ್ವು ನೋಡ್ರಿ, ಆಚಾರ್ರೆ."

"ಹೊಡಿಯಪ್ಪಾ, ಸುಮ್ಮನ ಹೊಡಿ," ಎಂದರು ಆಚಾರ್ಯರು, ಒಣಗಿದ ಗಂಟಲಲ್ಲಿ.