ಯಾವ ಪರ್ಸೂ

ದಖನಿ ಮಾತಾಡುವವರ ಮನೆಗಳಲ್ಲಿ ‘ಪರ್ಸೂ’ ಎಂಬ ಒಂದು ಮಾತಿದೆ. ಅರ್ಥ ಕೇಳಿದರೆ ಮೊನ್ನೆ ಎನ್ನುತ್ತಾರೆ. ಆದರೆ ಕಳೆದ ರಂಜಾನೂ ಪರ್ಸೂ, ಓಣಿಗೆ ನಲ್ಲಿ ಬಂದದ್ದೂ ಪರ್ಸೂ, ಅಜ್ಜಿ ಸತ್ತದ್ದೂ ಪರ್ಸೂ. ಆಡುವವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆಯಾದದ್ದು ಶಹಾಪುರದ ಅರ್ಜುಮಂದಳಿಗೆ, ಅದೂ ಕಾರಿನ ಬೆಲ್ಟಿನ ದೆಸೆಯಿಂದ.

ಕಾರು ಮೊದಲು ಅವಳ ಗಂಡನ ಅಣ್ಣ ಖಾಜಾಹುಸೇನನದಾಗಿತ್ತು. ಸುರಪುರದಲ್ಲಿ ಅವನದು ಕಬ್ಬಿಣದ ಅಂಗಡಿ. ಹೊಸ ಗಾಡಿ ಬಂದ ಮೇಲೆ ಹಳೆಯದನ್ನು ತಮ್ಮ ತೌಫೀಕನಿಗೆ ದಾಟಿಸಿದ. ತೌಫೀಕ್ ಟೇಲರ್, ಹೊಲಿಗೆ ಮಷೀನು ಬಿಟ್ಟು ಬೇರೇನನ್ನೂ ತುಳಿದವನಲ್ಲ. ಕಾರು ಕಲಿತವಳು ಅರ್ಜುಮಂದ. ಕಲಿತು ಸುಮ್ಮನೆ ಕೂರಲಿಲ್ಲ. ಶಹಾಪುರದಿಂದ ಬೋನಾಳದ ಕಡೆಯ ಶಾಲೆಗಳಿಗೆ ಹೋಗುವ ಟೀಚರಮ್ಮಂದಿರನ್ನು ಬೆಳಿಗ್ಗೆ ಕರೆದೊಯ್ದು ಸಂಜೆ ಕರೆತರುವ ಕೆಲಸ ಹಿಡಿದಳು. ನಾದಿನಿಯರು, ಓಣಿಯವರು ಮೂಗು ಮುರಿದರು. ಮುರಿದುಕೊಳ್ಳಲಿ ಎಂದು ಬಿಟ್ಟಳು. ಸ್ಟೇರಿಂಗ್ ಹಿಡಿದು ಕೂತಾಗ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ, ಬರೀ ಅರ್ಜುಮಂದ. ಆ ಸುಖ ಅವಳಿಗೆ ಮೊದಲ ಸಲ ಸಿಕ್ಕಿತ್ತು.

ಖಾಜಾಹುಸೇನ ಮಾತ್ರ ಮೊದಲೇ ಎಚ್ಚರಿಕೆ ಕೊಟ್ಟಿದ್ದ. ನಾಲ್ಕು ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಗಾಡಿ ಒಂದೇ ಒಂದು ಸಲ ದಾರಿಯಲ್ಲಿ ನಿಂತರೂ ಚಾವಿ ತನ್ನ ಮಗ ಅಬ್ರಾರನ ಕೈಗೆ ಬರಬೇಕು ಎಂದಿದ್ದ. ಅಬ್ರಾರನಿಗೆ ಬೇರೆ ಕೆಲಸವಿರಲಿಲ್ಲ. ಅರ್ಜುಮಂದ ಅಂದಿನಿಂದ ಗಾಡಿಯನ್ನು ಎಳೆಗೂಸಿನ ಹಾಗೆ ನೋಡಿಕೊಂಡಳು. ಎಣ್ಣೆ, ನೀರು, ಗಾಳಿ ಯಾವುದನ್ನೂ ಮರೆಯುತ್ತಿರಲಿಲ್ಲ. ಹಾಗೇ ಒಂದು ದಿನ ಗಂಡನನ್ನೂ ಕರೆದುಕೊಂಡು ಹಣಮೇಶನ ಗ್ಯಾರೇಜಿಗೆ ಹೋದಳು.

ಹಣಮೇಶ ಬಾನೆಟ್ ಎತ್ತಿ ಕೇಳಿದ. “ಅಕ್ಕಾರ, ಟೈಮಿಂಗ್ ಬೆಲ್ಟ್ ಯಾವಾಗ ಬದಲಿ ಮಾಡಿಸೀರಿ?”

“ನಮಗ ಬಂದ ಮ್ಯಾಲ ಮಾಡಿಸಿಲ್ರಿ. ಕಿಲೋಮೀಟರ್ ನೋಡಿದ್ರ ಗೊತ್ತಾಗಂಗಿಲ್ಲೇನು?”

“ಈ ಮೀಟರ್ ಒಮ್ಮೆ ಕೆಟ್ಟು ಬದಲಿ ಆಗ್ಯದ, ನಂಬಾಂಗಿಲ್ಲ. ಬೆಲ್ಟ್ ರಬ್ಬರಿಂದ್ರಿ. ಓಡಿದ್ರ ಸವೀತದ, ನಿಂತ್ರ ನಮ್ಮ ಬಿಸಲಿಗೆ ಬಿರೀತದ. ಸಪ್ಪಳ ಮಾಡಂಗಿಲ್ಲ, ಮುಂಚಿತ ಹೇಳಂಗಿಲ್ಲ. ಹರೀತಂದ್ರ ಒಳಗ ವಾಲ್ವು ಪಿಸ್ಟನ್ನಿಗೆ ಬಡದು ಇಂಜಿನ್ ಖಲಾಸ್. ಅದಕ್ಕ ವರ್ಷ ನೋಡಿ ಬದಲಿ ಮಾಡಬೇಕು.”

“ಹಂಗಾರ ಬಿಚ್ಚಿ ನೋಡ್ರಿ,” ಎಂದಳು ಅರ್ಜುಮಂದ ತಡವಿಲ್ಲದೆ.

“ತಡಿ, ಭಾಯ್‌ನ ಕೇಳ್ತೀನಿ,” ಎಂದು ತೌಫೀಕ್ ಫೋನು ಹಚ್ಚಿದ. ಆ ಕಡೆಯಿಂದ ಅಂಗಡಿಯ ಗದ್ದಲದ ನಡುವೆ ಖಾಜಾಹುಸೇನನ ದನಿ ಎಲ್ಲರಿಗೂ ಕೇಳಿಸಿತು: “ಪರ್ಸೂಚ್ ಬದಲಾಯಾ ನಾ ರೇ!”

“ಯಾವ ಪರ್ಸೂ ಅಂತ ಕೇಳ್ರಿ,” ಎಂದು ಅರ್ಜುಮಂದ ಪಿಸುಗುಟ್ಟಿದಳು.

ತೌಫೀಕ್ ಕಣ್ಣು ಬಿಟ್ಟು ಅವಳನ್ನು ಸುಮ್ಮನಾಗಿಸಿದ. ಆ ಮನೆಯಲ್ಲಿ ಹಿರಿಯಣ್ಣನನ್ನು ಎರಡನೆಯ ಸಲ ಕೇಳುವುದೆಂದರೆ ಸುಳ್ಳುಗಾರ ಎಂದು ಮುಖಕ್ಕೆ ಹೇಳಿದಷ್ಟೇ. ಫೋನು ಕಿಸೆಗೆ ಹೋಯಿತು. ಹಣಮೇಶನಿಗೆ ತೌಫೀಕ್ ಕನ್ನಡದಲ್ಲಿ ಹೇಳಿದ: “ಮೊನ್ನೆ ಹಾಕಿಸ್ಯಾರಂತ.” ಎರಡು ಭಾಷೆಗಳ ನಡುವೆ ಎಷ್ಟೋ ವರ್ಷಗಳು ಸೋರಿಹೋದವು.

“ಮೊನ್ನೆ ಹಾಕಿಸಿದ್ರ ಚಿಂತಿಲ್ಲ ಬಿಡ್ರಿ.”

“ಆದ್ರೂ ಒಮ್ಮೆ ನೋಡ್ರಿ,” ಎಂದಳು ಅವಳು.

“ಬ್ಯಾಡ. ಬಿಚ್ಚಿಸಿದ್ದು ಭಾಯ್‌ಗೆ ಗೊತ್ತಾದ್ರ ನನ್ನ ಮಾತಿನ ಮ್ಯಾಲ ಭರೋಸಾ ಇಲ್ಲೇನೋ ಅಂತಾರ,” ಎಂದ ತೌಫೀಕ್. ಹಣಮೇಶ ಬಾನೆಟ್ ಮುಚ್ಚಿದ. ಗಾಡಿ ಅವಳದು, ಓಡಿಸುವವಳು ಅವಳು, ಅಂಜಿಕೆ ಅವಳದು. ತೀರ್ಮಾನ ಮಾತ್ರ ಗಂಡಸರದು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಸುರಪುರದ ರಸ್ತೆಯಲ್ಲಿ ಆಗಬಾರದ್ದು ಆಯಿತು. ಮುಂದಿನ ಸೀಟಿನಲ್ಲಿ ಪರಿಮಳಾ ಟೀಚರು ಶಾಲೆಯ ಮೊಟ್ಟೆಗಳಲ್ಲಿ ಅರ್ಧ ಕೊಳೆತು ಬಂದ ಕಥೆ ಹೇಳುತ್ತಿದ್ದರು. ಒಳಗೆಲ್ಲೋ ಟಪ್ಪೆಂದಿತು. ಇಂಜಿನ್ ನಿಂತಿತು, ಸ್ಟೇರಿಂಗ್ ಕಲ್ಲಾಯಿತು, ಬ್ರೇಕಿನ ಪೆಡಲು ಗಟ್ಟಿಯಾಯಿತು. ಬೆನ್ನಿಗೇ ಒಂದು ಲಾರಿ ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಅರ್ಜುಮಂದ ಎರಡೂ ಕೈಯಿಂದ ಜಗ್ಗಿ, ಉಳಿದ ಓಟದಲ್ಲೇ ಗಾಡಿಯನ್ನು ಹತ್ತಿ ಹೊಲದ ಅಂಚಿಗೆ ತಂದಳು. ಲಾರಿ ಕನ್ನಡಿ ಸವರಿಕೊಂಡು ಹೋಯಿತು. ಒಬ್ಬರಿಗೂ ಒಂದು ಗೀರು ಬೀಳಲಿಲ್ಲ. ಇದೇ ಕೆಲಸವನ್ನು ಗಂಡಸೊಬ್ಬ ಮಾಡಿದ್ದರೆ ಶಹಾಪುರದ ಚಹಾದಂಗಡಿಗಳಲ್ಲಿ ತಿಂಗಳುಗಟ್ಟಲೆ ಅದೇ ಮಾತಾಗುತ್ತಿತ್ತು.

ಗಾಡಿಯನ್ನು ಗ್ಯಾರೇಜಿಗೆ ಎಳೆದು ತಂದರು. ಸುದ್ದಿ ತಿಳಿದು ಖಾಜಾಹುಸೇನ ಮಗನನ್ನು ಕರೆದುಕೊಂಡೇ ಬಂದ. ಹಣಮೇಶ ಒಳಗಿನಿಂದ ತೆಗೆದ ಬೆಲ್ಟನ್ನು ಮುಂದೆ ಹಿಡಿದ. ಹಲ್ಲುಗಳು ಉದುರಿದ್ದವು, ಮೈಯೆಲ್ಲ ಬಿರುಕು.

“ಇದು ಹಾಕಿ ಭಾಳ ವರ್ಷ ಆಗ್ಯಾವ್ರಿ ಸಾಹುಕಾರ್ರ.”

“ಮತ್ತ? ಅಬ್ಬಾ ಇದ್ದಾಗ ಗುಲ್ಬರ್ಗಾದಾಗ ಹಾಕಿಸಿದ್ದೆ. ಪರ್ಸೂ ಅಂತ ಹೇಳಿದ್ನಲ್ಲ!”

ಅಬ್ಬಾ, ಅಂದರೆ ಅಣ್ಣತಮ್ಮಂದಿರ ತಂದೆ, ತೀರಿಕೊಂಡದ್ದು ಅರ್ಜುಮಂದ ಆ ಮನೆಗೆ ಸೊಸೆಯಾಗಿ ಬರುವುದಕ್ಕೂ ಮೊದಲು. ಖಾಜಾಹುಸೇನ ಸುಳ್ಳು ಹೇಳಿರಲಿಲ್ಲ, ಅದೇ ಅವಳಿಗೆ ಹೆಚ್ಚು ಉರಿಯಿತು. ಸುಳ್ಳಾಗಿದ್ದರೆ ಹಿಡಿಯಬಹುದಿತ್ತು. ಅವನ ಮುಖದಲ್ಲಿ ಅಳುಕಿನ ಗೆರೆಯೂ ಇರಲಿಲ್ಲ.

“ಇಷ್ಟು ವರ್ಷ ನನ್ನ ಕೈಯಾಗ ಹರೀಲಾರದ್ದು ಈಕಿ ಕೈಯಾಗ ಹ್ಯಾಂಗ ಹರೀತು?” ಎಂದ ಅವನು. “ಓಡಿಸೋ ರೀತಿ ನೋಡಬೇಕು. ಹೌದಲ್ಲೋ ಹಣಮೇಶ?”

ಅರ್ಜುಮಂದ ಹಣಮೇಶನ ಮುಖ ನೋಡಿದಳು. ಬೆಲ್ಟಿನ ಸತ್ಯವನ್ನು ಹೇಳಿದರೆ ಸಾಹುಕಾರ ನಂಬಬಹುದಾದವನು ಅವನೊಬ್ಬ. ಅವನು ಬೆಲ್ಟನ್ನು ಕೆಳಗಿಟ್ಟು ಅರಿವೆಯಿಂದ ಕೈ ಒರೆಸಿಕೊಂಡ. “ಓಡಿಸೋದ್ರಾಗೂ ಒಂದೀಟು ಇರ್ತದ್ರಿ,” ಎಂದ. ಗಂಡ ನೆಲ ನೋಡುತ್ತಿದ್ದ.

ಇಂಜಿನ್ ಕೆಲಸ ಮುಗಿದು ಗಾಡಿ ಮನೆಗೆ ಬಂತು. ಇನ್ನು ಮುಂದೆ ಅಬ್ರಾರನೇ ಓಡಿಸುತ್ತಾನೆಂದು ಖಾಜಾಹುಸೇನ ಟೀಚರಮ್ಮಂದಿರ ಮನೆಗಳಿಗೂ ಹೇಳಿಕಳಿಸಿದ್ದ. ಅಂದು ಸಂಜೆ ಪರಿಮಳಾ ಟೀಚರು ಫೋನು ಮಾಡಿದರು. “ಅರ್ಜುಮಂದಕ್ಕ, ಬ್ಯಾಸರ ಮಾಡ್ಕೋಬ್ಯಾಡ್ರಿ. ಅಬ್ರಾರ ಓಡಿಸ್ತಾನಂದ್ರ ನಮ್ಮ ಮನ್ಯಾಗ ಸಮಾಧಾನ ಆತ್ರಿ,” ಎಂದರು. ಅರ್ಜುಮಂದ ಹೂಂ ಎಂದು ಫೋನಿಟ್ಟಳು. ತಾನು ಲಾರಿಯ ಬಾಯಿಂದ ತಪ್ಪಿಸಿ ಉಳಿಸಿದ ಹೆಂಗಸೇ ಹೀಗಂದದ್ದು.

ತೌಫೀಕ್ ಒಳಗೆ ಬಂದು ಅವಳ ಪಕ್ಕದಲ್ಲಿ ನಿಂತ. “ನಿನ್ನ ತಪ್ಪಿಲ್ಲ. ನನಗ ಗೊತ್ತದ,” ಎಂದ.

“ಹಂಗಾರ ಅಲ್ಲ್ಯಾಕ ಹೇಳಲಿಲ್ರಿ?”

“ಭಾಯ್ ಎದುರಿಗೆ ಹ್ಯಾಂಗ ಹೇಳಲಿ? ಸಣ್ಣಾಂವಿದ್ದಾಗಿಂದ ಅವರನ್ನ ಏನೂ ಕೇಳಿದಾಂವಲ್ಲ ನಾ. ನಾಲಿಗಿ ಹೊರಳೂದಿಲ್ಲ.”

ಹಾಗೆಂದವನೇ ಕೈ ಚಾಚಿದ. “ಚಾವಿ ಕೊಡು. ಅಬ್ರಾರ ಬಂದು ನಿಂತಾನ.”

“ಇದನ್ನ ಕೇಳಾಕ ಹೊರಳ್ತಲ್ರಿ ನಾಲಿಗಿ,” ಎಂದಳು ಅರ್ಜುಮಂದ.

ತೌಫೀಕ್ ತಲೆ ತಗ್ಗಿಸಿದ. ಚಾಚಿದ ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.