ಒಂದು ದೀರ್ಘ

“ಶಿಪ್,” ಎಂದಳು ಟೇಪಿನೊಳಗಿನ ಹೆಂಗಸು. ಇಪ್ಪತ್ತೆರಡು ಮಕ್ಕಳು ಒಟ್ಟಾಗಿ “ಶಿಪ್” ಎಂದವು. “ಶೀಪ್,” ಎಂದಳು ಅವಳು. ಮಕ್ಕಳೂ ಹಾಗೆಯೇ ಎಳೆದು ಹೇಳಿದವು. ಜರ್ಟ್ರೂಡ್ ಟೀಚರ್ ಗುಂಡಿ ಒತ್ತಿ ಟೇಪ್ ನಿಲ್ಲಿಸಿದರು, ಗೋಡೆಯ ಮೇಲಿನ ಮುಂದಿನ ಚಿತ್ರಕ್ಕೆ ಕೋಲು ತೋರಿಸಿದರು, ಮತ್ತೆ ಗುಂಡಿ ಒತ್ತಿದರು. ಅವರು ಬಾಯಿ ತೆರೆಯಬೇಕಾಗಿರಲಿಲ್ಲ. ತೆರೆಯಬಾರದೆಂದೇ ಅಪ್ಪಣೆಯಾಗಿತ್ತು.

ಬಂಟ್ವಾಳದ ಕಾನ್ವೆಂಟ್ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಒಂದನೇ ಕ್ಲಾಸಿಗೆ ಇಂಗ್ಲಿಷ್ ಕಲಿಸಿದವರು ಅವರು. ಮದುವೆಯಾಗಿರಲಿಲ್ಲ. ತೊಂಬತ್ತೈದನೆಯ ಇಸವಿಯಲ್ಲಿ ತಾಯಿ ತೀರಿಕೊಂಡ ಮೇಲೆ, ಪರಿಚಯದ ನರ್ಸ್ ರೋಸ್‌ಮೇರಿಯ ಮಾತು ಕೇಳಿ ದೋಹಾಕ್ಕೆ ಬಂದು ಈ ಖಾಸಗಿ ಶಾಲೆಯ ನರ್ಸರಿಗೆ ಸೇರಿದ್ದರು. ಮೊದಲ ವರ್ಷ ಚೆನ್ನಾಗಿಯೇ ಹೋಯಿತು. ಎರಡನೆಯ ವರ್ಷ ಇಂಗ್ಲೆಂಡಿನಿಂದ ಹೊಸ ಹೆಡ್‌ಮಿಸ್ಟ್ರೆಸ್ ಬಂದರು. ಒಂದು ವಾರ ತರಗತಿಯ ಹಿಂದೆ ಪುಟ್ಟ ಕುರ್ಚಿಯಲ್ಲಿ ಕೂತು ಬರೆದುಕೊಂಡರು. ಆಮೇಲೆ ಆಫೀಸಿಗೆ ಕರೆದು, ಚಹಾ ಕೊಟ್ಟು, ಮೆತ್ತಗೆ ಹೇಳಿದರು. ನೀವು ಬಿಸಿಗೆ ‘ಹಾಟ್’ ಅನ್ನುತ್ತೀರಿ, ನನ್ನ ಕಿವಿಗೆ ಅದು ಹೃದಯ ಅಂತ ಕೇಳಿಸುತ್ತದೆ. ಗಿಡ್ಡ ಸ್ವರ ಇರುವಲ್ಲಿ ನೀವು ಉದ್ದ ಎಳೆಯುತ್ತೀರಿ, ಈ ವಯಸ್ಸಿನಲ್ಲಿ ಮಕ್ಕಳು ಕೇಳಿದ್ದು ಹಾಗೇ ಉಳಿದುಬಿಡುತ್ತದೆ. ಮಾತು ಮುಗಿಸಿ ಕ್ಯಾಸೆಟ್ಟುಗಳ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಸರಿಸಿದರು.

ಅಂದಿನಿಂದ ಟೀಚರ್ ಗುಂಡಿ ಒತ್ತುತ್ತಿದ್ದರು, ಮಕ್ಕಳ ಶೂ ಲೇಸು ಕಟ್ಟುತ್ತಿದ್ದರು, ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುತ್ತಿದ್ದರು. ಮುಶೈರಿಬ್ ಬೀದಿಯ ಅಂಗಡಿಗಳ ಮೇಲಿನ ಕೋಣೆಯಲ್ಲಿ ರೋಸ್‌ಮೇರಿ ಜೊತೆಗಿದ್ದಳಾದರೂ ಅವಳದು ಪಾಳಿಯ ಕೆಲಸ. ಇವರು ಎದ್ದಾಗ ಅವಳು ಮಲಗಿರುತ್ತಿದ್ದಳು. ರಜೆಯ ಕೆಲವು ಶುಕ್ರವಾರ ಇಡೀ ದಿನ ಒಂದು ಮಾತೂ ಆಡದೆ ಕಳೆದದ್ದು ಟೀಚರಿಗೆ ಮರುದಿನ ಬಸ್ಸು ಹತ್ತಿದ ಮೇಲೆಯೇ ಗೊತ್ತಾಗುತ್ತಿತ್ತು.

ಬಸ್ಸಿನ ಡ್ರೈವರ್ ಪಕೀರಬ್ಬ ಉಪ್ಪಿನಂಗಡಿಯವನು. ಐವತ್ತರ ಹತ್ತಿರದ ಆಸಾಮಿ, ನೆರೆತ ಗಡ್ಡ. ಮನೆಯಲ್ಲಿ ಇವರದು ಕೊಂಕಣಿ, ಅವನದು ಬ್ಯಾರಿ. ತುಳು ಇಬ್ಬರಿಗೂ ಬರುತ್ತಿತ್ತು. ಆದರೆ ಟೀಚರ್ ಎಂದ ಮೇಲೆ ಕನ್ನಡದಲ್ಲೇ ಮಾತಾಡಬೇಕೆಂದು ಅವನು ತೀರ್ಮಾನಿಸಿಬಿಟ್ಟಿದ್ದ. ಪುಟ್ಟ ಮಕ್ಕಳನ್ನು ತಾಯಂದಿರು ಕರೆದೊಯ್ದ ಮೇಲೆ, ದೊಡ್ಡ ತರಗತಿಗಳು ಬಿಡುವವರೆಗೆ ಒಂದು ಗಂಟೆ ಬಸ್ಸು ಕಾಂಪೌಂಡಿನ ನೆರಳಿನಲ್ಲಿ ಏಸಿ ಹಾಕಿಕೊಂಡು ನಿಲ್ಲುತ್ತಿತ್ತು. ಟೀಚರ್ ಅಲ್ಲಿಯೇ ಬುತ್ತಿ ಬಿಚ್ಚುತ್ತಿದ್ದರು.

ಒಂದು ದಿನ ಅವನು ಮಡಚಿದ ಕಾಗದವೊಂದನ್ನು ಚಾಚಿದ. “ಟೀಚರೇ, ರಾಸ್ ಲಫಾನ್‌ನ ಗ್ಯಾಸ್ ಕಾರ್ಖಾನೆಗೆ ನಮ್ಮ ಕಂಪೆನಿಯಿಂದಲೇ ಬಸ್ಸು ಹೋಗ್ತದಲ್ಲ, ಅಲ್ಲಿಗೆ ಡ್ರೈವರ್ ಬೇಕಂತೆ. ಅಲ್ಲಿಯಾದ್ರೆ ವರ್ಷಕ್ಕೊಮ್ಮೆ ಊರಿಗೆ ರಜೆ. ಇಲ್ಲಿ ಎರಡು ವರ್ಷಕ್ಕೊಮ್ಮೆ. ಊರಿಗೆ ಹೋದ್ರೆ ಕಿರಿ ಮಗಳಿಗೆ ನನ್ನ ಗುರ್ತ ಸಿಕ್ಕುದೇ ಎರಡು ದಿವಸ ಬಿಟ್ಟು.”

“ಹೋಗಿ ಮತ್ತೆ. ಎಂತ ತೊಂದರೆ?”

“ಇದುಂಟಲ್ಲ.” ಅವನು ಕಾಗದ ತೋರಿಸಿದ. “ಸೇಫ್ಟಿ ಪರೀಕ್ಷೆ. ಒಬ್ಬ ಇಂಗ್ಲಿಷಿನವ ಬಾಯಲ್ಲಿ ಕೇಳ್ತಾನೆ, ನಾವು ಬಾಯಲ್ಲಿ ಹೇಳ್ಬೇಕು.”

ಟೀಚರ್ ಕಾಗದ ನೋಡಿದರು. ನಲವತ್ತು ವಾಕ್ಯಗಳಿದ್ದವು. “ನನ್ನ ಉಚ್ಚಾರ ಸರಿ ಇಲ್ಲ ಪಕೀರಬ್ಬ,” ಎಂದು ಚೀಲದಿಂದ ಕ್ಯಾಸೆಟ್ ತೆಗೆದುಕೊಟ್ಟರು. “ಇದನ್ನು ಕೇಳಿ.”

ಮರುದಿನ ಅವನು ಕ್ಯಾಸೆಟ್ ಹಿಂದೆ ಕೊಟ್ಟ. “ಆ ಹೆಂಗಸು ಬಾಯೊಳಗೇ ಹೇಳ್ತದೆ ಟೀಚರೇ. ಒಂದೂ ತಲೆಗೆ ಹೋಗ್ಲಿಲ್ಲ. ನೀವೇ ಹೇಳಿಕೊಡಿ.”

ಟೀಚರ್ ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿದರು. ಆಮೇಲೆ ಪೆನ್ಸಿಲ್ ಕೇಳಿದರು.

ಅವನು ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವನು. ಕಾಗುಣಿತ ಮರೆತಿರಲಿಲ್ಲ, ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದ. ಟೀಚರ್ ಇಂಗ್ಲಿಷ್ ಶಬ್ದಗಳ ತಲೆಯ ಮೇಲೆ, ಎಳೆಯಬೇಕಾದಲ್ಲೆಲ್ಲ, ಕನ್ನಡದ ದೀರ್ಘ ಬರೆದರು. ಫಿಲ್ ಅಂದರೆ ತುಂಬು, ಫೀಲ್ ಅಂದರೆ ಮುಟ್ಟಿ ತಿಳಿ. ಪುಲ್ ಅಂದರೆ ಎಳೆ, ಪೂಲ್ ಅಂದರೆ ಕೊಳ.

“ಎರಡು ಓ ಬರೆದು ಫೂಡ್ ಅಂತಾರೆ, ಅದೇ ಎರಡು ಓ ಬರೆದು ಫುಟ್ ಅಂತಾರೆ,” ಪಕೀರಬ್ಬ ತಲೆ ಕೊಡವಿದ. “ಊಟಕ್ಕೆ ದೀರ್ಘ ಉಂಟು, ಕಾಲಿಗೆ ಇಲ್ಲ. ಇದೆಂತ ನ್ಯಾಯ ಮಾರಾಯ್ರೆ? ನಮ್ಮದರಲ್ಲಿ ಬರೆದದ್ದನ್ನು ಓದಿದ್ರೆ ಆಯ್ತು.”

“ಅವರಲ್ಲಿ ಗೊತ್ತಿದ್ದವರು ಮಾತ್ರ ಓದುವುದು,” ಎಂದು ಟೀಚರ್ ನಕ್ಕರು. ನಕ್ಕು ಎಷ್ಟು ದಿನವಾಯಿತೆಂದು ಅವರಿಗೇ ಆಶ್ಚರ್ಯವಾಯಿತು.

ಐದು ವಾರ ನಡೆಯಿತು ಪಾಠ. ಟೀಚರ್ ಬುತ್ತಿಗೆ ಒಂದು ಹಿಡಿ ಜಾಸ್ತಿ ಹಾಕಿಕೊಳ್ಳತೊಡಗಿದರು. ಅವನು ಖರ್ಜೂರ ತರುತ್ತಿದ್ದ. ಪಾಠದ ನಡುವೆ ನೇತ್ರಾವತಿಯ ನೆರೆ, ಬಂಟ್ವಾಳದ ಪೇಟೆ, ಮಕ್ಕಳ ಹೆಸರು ಎಲ್ಲ ಬಂದುಹೋದವು.

ಪರೀಕ್ಷೆಯ ಹಿಂದಿನ ದಿನ ಅವನು ನಲವತ್ತೂ ವಾಕ್ಯ ಓದಿದ. ಮುಗಿಯುತ್ತ ಬಂದಾಗ, ಸೈರನ್ ಕೇಳಿದ ಕೂಡಲೇ ವಾಹನ ಬಿಟ್ಟು ಹೊರಡಬೇಕೆಂಬ ವಾಕ್ಯದಲ್ಲಿ “ಲಿವ್ ದ ವೆಹಿಕಲ್” ಎಂದು ಗಿಡ್ಡಮಾಡಿ ಹೇಳಿಬಿಟ್ಟ. ಮತ್ತೊಮ್ಮೆ ಓದಿಸಿದರೂ ಹಾಗೆಯೇ ಹೇಳಿದ. ಅಲ್ಲಿ ದೀರ್ಘ ಹಾಕುವುದು ಟೀಚರಿಗೇ ತಪ್ಪಿಹೋಗಿತ್ತು.

“ಸರಿ ಉಂಟಾ ಟೀಚರೇ?”

ಟೀಚರ್ ಕಾಗದ ನೋಡುತ್ತ ಕೂತರು. ಕೈಯಲ್ಲಿ ಪೆನ್ಸಿಲ್ ಇತ್ತು.

“ಸರಿ ಉಂಟು,” ಎಂದರು.

ಅವನು ಕಾಗದವನ್ನು ಎದೆಯ ಜೇಬಿಗೆ ಹಾಕಿಕೊಂಡ. ಆ ಸಂಜೆ ಟೀಚರ್ ಚಹಾ ಮಾಡಿ ಕುಡಿಯದೆ ಸಿಂಕಿಗೆ ಚೆಲ್ಲಿದರು. ಜಪಸರ ಹಿಡಿದರೂ ಎಣಿಕೆ ತಪ್ಪಿತು. ಒಂದು ಶಬ್ದಕ್ಕೆ ಯಾರನ್ನೂ ಫೇಲ್ ಮಾಡುವುದಿಲ್ಲ ಎಂದು ಹೇಳಿಕೊಂಡರು. ಮಾಡಿದರೆ ಅವನು ಇಲ್ಲಿಯೇ ಇರುತ್ತಾನೆ ಎಂಬುದನ್ನು ಮಾತ್ರ ಹೇಳಿಕೊಳ್ಳಲಿಲ್ಲ.

ಬೆಳಗ್ಗೆ ಬಸ್ಸು ಬಂದಾಗ ಒಳಗೆ ಇನ್ನೂ ಮಕ್ಕಳಿರಲಿಲ್ಲ. ಪಕೀರಬ್ಬ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ, ಗಡ್ಡ ಕತ್ತರಿಸಿಕೊಂಡಿದ್ದ. ಮಕ್ಕಳನ್ನು ಇಳಿಸಿದ ಮೇಲೆ ನೇರ ಪರೀಕ್ಷೆಗೆ ಹೋಗುವವನು. ಟೀಚರ್ ಕೂರದೆ ಅವನ ಸೀಟಿನ ಹಿಂದಿನ ಕಂಬಿ ಹಿಡಿದು ನಿಂತರು.

“ಪಕೀರಬ್ಬ, ನಿನ್ನೆ ಒಂದು ಶಬ್ದ ತಪ್ಪು ಹೇಳಿದ್ದೀರಿ.”

“ಯಾವುದು? ಸರಿ ಉಂಟು ಅಂದಿರಲ್ಲ?”

“ನನಗೆ ಗೊತ್ತಾಗಿತ್ತು. ಹೇಳ್ಲಿಲ್ಲ.”

ಅವನು ಕನ್ನಡಿಯಲ್ಲಿ ಅವರನ್ನು ನೋಡಿದ. ಟೀಚರ್ ಕಣ್ಣು ತಪ್ಪಿಸಲಿಲ್ಲ. ಒಂದು ರೌಂಡಬೌಟ್ ದಾಟಿತು, ಇನ್ನೊಂದು ದಾಟಿತು. ಮೊದಲ ಮಗುವಿನ ಮನೆ ದೂರದಲ್ಲಿ ಕಾಣಿಸಿತು.

“ಈಗ ಹೇಳಿ ಟೀಚರೇ,” ಎಂದ.

“ಲೀವ್. ಎಳೀಬೇಕು. ಲಿವ್ ಅಂದ್ರೆ ಇರು, ಬದುಕು. ಲೀವ್ ಅಂದ್ರೆ ಬಿಟ್ಟು ಹೋಗು. ರಜೆಗೂ ಅದೇ ಶಬ್ದ.”

“ಲೀವ್.”

“ಇನ್ನೂ ಸ್ವಲ್ಪ.”

“ಲೀ…ವ್.”

ಪ್ರತಿ ನಿಲುಗಡೆಯಲ್ಲೂ ಮಕ್ಕಳು ಹತ್ತಿದವು. ಒಂದು ನಿಲುಗಡೆಗೂ ಇನ್ನೊಂದಕ್ಕೂ ನಡುವೆ ಅವನು ಹೇಳಿದ, ಅವರು ಕೇಳಿದರು. ಕೊನೆಕೊನೆಗೆ ಮುಂದಿನ ಸಾಲಿನ ಮಕ್ಕಳೂ ಅವನ ಜೊತೆ ಕೂಗತೊಡಗಿದವು. ನಿನ್ನೆ ಯಾಕೆ ಹೇಳಲಿಲ್ಲ ಎಂದು ಅವನು ಕೇಳಲಿಲ್ಲ. ಆಮೇಲೂ ಕೇಳಲಿಲ್ಲ.

ಅವನು ಪಾಸಾದ. ಹತ್ತು ದಿನದಲ್ಲಿ ಆರ್ಡರ್ ಬಂತು. ಕೊನೆಯ ದಿನ ಟೀಚರ್ ಮನೆಯೆದುರು ಬಸ್ಸು ನಿಲ್ಲಿಸಿ, ಎಂದೂ ಇಲ್ಲದವನು ಇಳಿದು ಬಂದು ಬಾಗಿಲ ಬಳಿ ನಿಂತ.

“ಬರ್ತೇನೆ ಟೀಚರೇ.”

“ಬನ್ನಿ,” ಎಂದರು ಟೀಚರ್.

ಹೊಸ ಡ್ರೈವರ್ ಜಲೀಲ್, ಕೇರಳದ ತಿರೂರಿನ ಕಡೆಯವನು, ಇನ್ನೂ ಚಿಕ್ಕ ವಯಸ್ಸು. ಮೊದಲ ದಿನ ಮಧ್ಯಾಹ್ನ ಟೀಚರ್ ಬುತ್ತಿ ಹಿಡಿದು ಬಸ್ಸು ಹತ್ತಿದಾಗ ಅವನು ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದ. ಅವರು ಸದ್ದಾಗದಂತೆ ಮೂರನೆಯ ಸೀಟಿನಲ್ಲಿ ಕೂತು, ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದರು. ಆದರೂ ಅವನಿಗೆ ಎಚ್ಚರವಾಯಿತು.

“ಎಂದಾ ಟೀಚರ್?” ಎಂದು ಗಾಬರಿಯಿಂದ ಮಲೆಯಾಳದಲ್ಲಿ ಕೇಳಿದ. ಮತ್ತೆ ಹಿಂದಿಯಲ್ಲಿ, “ಕುಛ್ ಚಾಹಿಯೇ?”

“ನಹೀಂ,” ಎಂದರು ಟೀಚರ್.

ಅವನು ಅವರನ್ನೂ ಕಿಟಕಿಯ ಬಿಸಿಲನ್ನೂ ನೋಡಿದ. ಎದ್ದು ಬಂದು ಅವರ ತಲೆಯ ಮೇಲಿನ ಏಸಿಯ ಕಿಂಡಿಯನ್ನು ಅವರ ಕಡೆಗೆ ತಿರುಗಿಸಿ, ಹೋಗಿ ಮಲಗಿದ. ತಣ್ಣನೆಯ ಗಾಳಿಗೆ ಊಟಕ್ಕೆಂದು ಮಡಿಲಲ್ಲಿ ಹಾಸಿಕೊಂಡ ಹಳೆಯ ಪತ್ರಿಕೆಯ ಅಂಚು ಏಳುತ್ತಿತ್ತು, ಇಳಿಯುತ್ತಿತ್ತು. ಟೀಚರ್ ಅದನ್ನು ಕೈಯಿಂದ ಒತ್ತಿ ಹಿಡಿದು, ಅನ್ನ ಕಲಸಿದರು.